ಬೀದರಿಗೆ ಒಂದೇ ದಿನ ಬರ್ತೀವಿ, ಏನು ನೋಡಬೇಕು ಟೀಚರ್?

ಹೋದ ಸಂಚಿಕೆಯಲ್ಲಿ ನಮ್ಮೂರಿನ ಮಹಮೂದ್ ಗವಾನ್ ಮದರಸಾ, ಅಂದರೆ ಬಹಮನಿ ಸುಲ್ತಾನರ ಕಾಲದ ಹಳೇ ವಿದ್ಯಾಲಯದ ಬಗ್ಗೆ ಸಣ್ಣ ಟಿಪ್ಪಣಿ ಬರೆದಿದ್ದೆ. ಅದನ್ನು ಓದಿ ಕಲಬುರಗಿ, ಯಾದಗಿರಿ, ಸೇಡಂ, ಆಳಂದ ಕಡೆಯಿಂದ ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿದ್ದು ಒಂದೇ ಮಾತು: ಒಂದು ದಿನಕ್ಕೆ ಬಂದರೆ ಏನು ನೋಡಬೇಕು? ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ನಾನು ಭಾಲ್ಕಿಯ ಹುಡುಗಿ. 1984ರಲ್ಲಿ ಮದುವೆಯಾಗಿ ಬೀದರಿನ ಹಳೇ ಊರಿಗೆ ಬಂದೆ. ಇಪ್ಪತ್ತೊಂಬತ್ತು ವರ್ಷ ಇಲ್ಲೇ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದೆ. ಮನೆಯಿಂದ ಮದರಸಾಕ್ಕೆ ನಡೆದರೆ ಹತ್ತು ನಿಮಿಷ. ಕೆಳಗೆ ಹೇಳಿರುವುದೆಲ್ಲ ನನ್ನ ಕಾಲಿಗೆ ಗೊತ್ತಿರುವ ದಾರಿ.

ಪ್ರಶ್ನೆ: ಟೀಚರ್, ನಮ್ಮ ಮನೆಯವರಿಗೆ ರವಿವಾರ ಒಂದೇ ರಜೆ. ಅತ್ತೆಗೆ ಮೊಣಕಾಲು ನೋವು. ಮಗಳು ಎಂಟನೇ ಕ್ಲಾಸು. ಹೋದ ವರ್ಷ ಒಂದು ಟೂರ್ ಗಾಡಿಯಲ್ಲಿ ಬೀದರಿಗೆ ಬಂದಿದ್ದೆವು. ಒಂದೇ ದಿನ ಹನ್ನೊಂದು ಜಾಗ ತೋರಿಸಿದರು. ಮೊಬೈಲಿನಲ್ಲಿ ಫೋಟೊ ಇವೆ, ಯಾವುದು ಯಾವ ಜಾಗ ಅಂತ ನೆನಪಿಲ್ಲ. ಈ ಸಲ ನಿಧಾನವಾಗಿ ನೋಡಬೇಕು. ಹೇಗೆ ಬರೋಣ?
ಒಬ್ಬ ಗೃಹಿಣಿ, ಕಲಬುರಗಿ

ತಂಗಿ, ಒಂದೇ ದಿನ ಹನ್ನೊಂದು ಜಾಗ ನೋಡಿದರೆ ಯಾರಿಗೂ ನೆನಪು ಉಳಿಯುವುದಿಲ್ಲ. ತಪ್ಪು ನಿಮ್ಮದಲ್ಲ. ಈ ಸಲ ಮೂರೇ ಜಾಗ ಇಟ್ಟುಕೊಳ್ಳಿ. ಬೆಳಿಗ್ಗೆ ಮದರಸಾ, ಮಧ್ಯಾಹ್ನ ಗುರುದ್ವಾರ, ಸಂಜೆ ಅಷ್ಟೂರು. ಕೋಟೆ ಬಿಡಿ. ಹೌದು, ಬೀದರಿಗೆ ಬಂದು ಕೋಟೆ ಬಿಡಿ ಅಂತಲೇ ಹೇಳುತ್ತಿದ್ದೇನೆ. ಕೋಟೆ ಬಹಳ ದೊಡ್ಡದು. ರಂಗೀನ್ ಮಹಲ್, ಸೋಲಾ ಕಂಬ ಮಸೀದಿ, ಗಗನ ಮಹಲ್, ತಖ್ತ್ ಮಹಲ್ ಅಂತ ಒಂದಾದ ಮೇಲೆ ಒಂದು ಇವೆ. ನಡುವೆ ಬಿಸಿಲಲ್ಲಿ ನಡೆಯಬೇಕು. ಅತ್ತೆಯವರ ಕಾಲಿಗೆ ಅದು ಆಗದ ಮಾತು. ಅದಕ್ಕೆ ಇನ್ನೊಂದು ರವಿವಾರ ಬನ್ನಿ, ಪೂರ್ತಿ ದಿನ ಕೋಟೆಗೇ ಕೊಡಿ.

ಕಲಬುರಗಿಯಿಂದ ಬಸ್ಸು ಬೇಕಾದಷ್ಟಿವೆ. ದೂರ ನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಕಮಲಾಪುರ, ಹುಮನಾಬಾದ್ ದಾಟಿ ಬರಬೇಕು. 2017ರಿಂದ ರೈಲೂ ಓಡುತ್ತಿದೆ. ಮಗಳಿಗೆ ರೈಲು ಹಿಡಿಸಬಹುದು, ದಾರಿಯಲ್ಲಿ ಸುರಂಗ ಇದೆ. ಆದರೆ ಒಂಬತ್ತೂವರೆ ಹತ್ತರ ಒಳಗೆ ನೀವು ಮದರಸಾ ಮುಂದೆ ಇರಬೇಕು. ಅದಕ್ಕೆ ಹೊಂದುವ ರೈಲು ಸಿಗದಿದ್ದರೆ ಬೆಳಿಗ್ಗೆ ಆರರ ಬಸ್ಸು ಹತ್ತಿಬಿಡಿ. ಸ್ವಂತ ಗಾಡಿ ಇದ್ದರೆ ಕಮಲಾಪುರದಲ್ಲಿ ನಿಲ್ಲಿಸಿ ಒಂದು ಡಜನ್ ಕೆಂಪು ಬಾಳೆಹಣ್ಣು ತಗೊಳ್ಳಿ. ಅಲ್ಲಿಯ ಹಣ್ಣಿನ ಪರಿಮಳವೇ ಬೇರೆ.

ಬೆಳಿಗ್ಗೆಯೇ ಬನ್ನಿ ಅಂದಿದ್ದಕ್ಕೆ ಕಾರಣ ಇದೆ. ಮದರಸಾದ ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ನೇರ ಮುಂದಿನ ಗೋಡೆಗೆ, ಮಿನಾರಿಗೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ಆ ಗೋಡೆ ನೆರಳಿಗೆ ಹೋಗುತ್ತದೆ, ಬಣ್ಣ ಮಂಕಾಗುತ್ತದೆ. ಬೀದರ್ ನೋಡಿ ಹೋದ ಎಷ್ಟೋ ಮಂದಿ ಆ ನೀಲಿಯನ್ನು ನೋಡೇ ಇಲ್ಲ ಅನ್ನಿಸುತ್ತದೆ ನನಗೆ. ಹೊತ್ತು ತಪ್ಪಿ ಬಂದಿರುತ್ತಾರೆ.

ಗೇಟು ದಾಟಿದ ಕೂಡಲೇ ಒಳಗೆ ನುಗ್ಗಬೇಡಿ. ಅಂಗಳದಲ್ಲಿ ನಿಂತು ಬಲಗಡೆ ಕತ್ತೆತ್ತಿ ನೋಡಿ. ಅಲ್ಲಿ ಒಂದು ಮಿನಾರ್ ಇದೆ, ಸುಮಾರು 131 ಅಡಿ ಎತ್ತರ. ಎಡಗಡೆಯೂ ಅಂಥದೇ ಒಂದು ಇತ್ತು, ಈಗ ಇಲ್ಲ. ಉಳಿದಿರುವ ಮಿನಾರಿನ ಮೈಮೇಲೆ ಬಣ್ಣದ ಬಿಲ್ಲೆಗಳು ಅಂಕುಡೊಂಕು ಸಾಲಾಗಿ ಹೋಗುತ್ತವೆ. ನೀಲಿ, ಬಿಳಿ, ಹಳದಿ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಒಂದೇ ಒಂದು ಸಾಲನ್ನು ಹಿಡಿದು ನೋಡುತ್ತಾ ಹೋಗಿ. ನಾಲ್ಕು ಬಿಲ್ಲೆ ಇರುತ್ತವೆ, ಐದನೆಯದು ಉದುರಿರುತ್ತದೆ. ಉದುರಿದ ಕಡೆ ಹಿಂದಿನ ಗಾರೆ ಕಾಣುತ್ತದೆ. ಮತ್ತೆ ಎರಡು ಬಿಲ್ಲೆ. ಐನೂರೈವತ್ತು ವರ್ಷದ ಮಳೆ ಬಿಸಿಲು ಕಂಡ ನೀಲಿ ಅದು. ಬಿಸಿಲು ಬಿದ್ದಾಗ ಇವತ್ತು ಬೆಳಿಗ್ಗೆ ತೊಳೆದಿಟ್ಟ ಹಾಗೆ ಹೊಳೆಯುತ್ತದೆ.

ಗೋಡೆಯ ಮೇಲ್ಭಾಗದಲ್ಲಿ ದೊಡ್ಡ ಅರಬ್ಬಿ ಅಕ್ಷರಗಳ ಪಟ್ಟಿ ಇದೆ, ಕುರಾನಿನ ಸಾಲುಗಳು. ಅದನ್ನು ನನಗೆ ಮೊದಲು ತೋರಿಸಿದವರು ನಮ್ಮ ಮಾವನವರು. ಮದುವೆಯಾದ ವಾರದಲ್ಲೇ ಸೊಸೆಯನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದರು. ಅವರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಬೆರಳೆತ್ತಿ ಆ ಅಕ್ಷರಗಳನ್ನು ಗಾಳಿಯಲ್ಲೇ ಬರೆದು ತೋರಿಸಿದರು. "ನೋಡವ್ವ, ಈ ಅಲಿಫ್ ಎಷ್ಟು ಎತ್ತರ ನಿಂತದ. ದೂರದಿಂದ ಓದ್ಲಿಕ್ಕೆ ಬರೋ ಹುಡುಗನ ಕಣ್ಣಿಗೆ ಮೊದ್ಲು ಇದೇ ಬೀಳಬೇಕು ಅಂತ ಬರ್ದಾರ" ಅಂದರು. ನನಗೆ ಆ ಲಿಪಿ ಬರುವುದಿಲ್ಲ. ಆದರೆ ಅಲಿಫ್ ಮಾತ್ರ ಅವತ್ತಿನಿಂದ ಗುರುತು ಸಿಗುತ್ತದೆ. ನಿಮ್ಮ ಮಗಳಿಗೂ ತೋರಿಸಿ. ನೆಟ್ಟಗೆ ನಿಂತ ಕೋಲಿನಂಥ ಅಕ್ಷರ ಅದು.

ಆಮೇಲೆ ಒಳಗೆ ಹೋಗಿ. ನಡುವೆ ಚೌಕ ಅಂಗಳ, ಸುತ್ತ ಮೂರು ಅಂತಸ್ತು. ಇಡೀ ಕಟ್ಟಡ 205 ಅಡಿ ಉದ್ದ, 180 ಅಡಿ ಅಗಲ. ಮುಂಭಾಗದಲ್ಲಿ ಮಸೀದಿ, ಗ್ರಂಥಾಲಯ ಇದ್ದವು. ಮೂರು ಅಂತಸ್ತಿನಲ್ಲಿ ಇರುವ ಸಣ್ಣ ಸಣ್ಣ ಕೋಣೆಗಳು ಓದುವ ಹುಡುಗರದ್ದು, ಕಲಿಸುವವರದ್ದು. ಪಾಠದ ದೊಡ್ಡ ಹಾಲ್‌ಗಳಿಗೆ ಮಾತ್ರ ನಡುವೆ ಮಾಳಿಗೆ ಇಲ್ಲ. ನೆಲದಿಂದ ಚಾವಣಿವರೆಗೆ ಕಟ್ಟಡದ ಪೂರ್ತಿ ಎತ್ತರ ಒಂದೇ ಕೋಣೆ.

ಅತ್ತೆಯವರನ್ನು ನೆರಳಿರುವ ಕಡೆ ಕೂರಿಸಿ. ಮಗಳನ್ನು ಕರೆದುಕೊಂಡು ತೆರೆದಿರುವ ಒಂದು ಸಣ್ಣ ಕೋಣೆಗೆ ಹೋಗಿ. ಅಲ್ಲಿ ಅರ್ಧ ಗಂಟೆ ಸುಮ್ನೆ ಇರಿ. ಬೇರೆ ಏನೂ ಮಾಡಬೇಡಿ. ಗೋಡೆ ದಪ್ಪ, ಒಳಗೆ ತಂಪು. ಬೆಳಕು ಎಲ್ಲಿಂದ ಬರುತ್ತದೆ, ನೆಲದ ಮೇಲೆ ಎಲ್ಲಿವರೆಗೆ ಬೀಳುತ್ತದೆ ನೋಡಿ. "ಇಲ್ಲಿ ಒಬ್ಬ ಹುಡುಗ ಪುಸ್ತಕ ಹಿಡಿದು ಕೂತಿದ್ದ. ಎಲ್ಲಿ ಕೂತಿರಬೇಕು ಹೇಳು" ಅಂತ ಮಗಳನ್ನು ಕೇಳಿ. ಅವಳು ಬಾಯಲ್ಲಿ ಹೇಳುವುದಿಲ್ಲ. ತಾನೇ ಹೋಗಿ ಬೆಳಕಿಗೆ ಮುಖ ಮಾಡಿ ಕೂತು ತೋರಿಸುತ್ತಾಳೆ. ನನ್ನ ಶಾಲೆಯ ಮಕ್ಕಳೆಲ್ಲ ಹಾಗೇ ಮಾಡಿದರು. ಒಬ್ಬರೂ ಕತ್ತಲ ಮೂಲೆಗೆ ಹೋಗಲಿಲ್ಲ.

ಹನ್ನೆರಡರ ಹೊತ್ತಿಗೆ ಆಟೊ ಮಾಡಿಕೊಂಡು ಗುರುದ್ವಾರಕ್ಕೆ ಹೋಗಿ. ಸಂಜೆವರೆಗೆ ಒಂದೇ ಆಟೊ ಮಾತಾಡಿಕೊಂಡರೆ ಅತ್ತೆಯವರಿಗೆ ಹತ್ತಿ ಇಳಿಯುವ ಗೋಜು ಕಮ್ಮಿ. ಬಾಡಿಗೆ ಮೊದಲೇ ತೀರ್ಮಾನ ಮಾಡಿ. ನಾನಕ್ ಝೀರಾ ಸಾಹಿಬ್ ಅಂದರೆ ಗುರು ನಾನಕರು ಬಂದಿದ್ದ ಜಾಗ. ಊರಿನಲ್ಲಿ ಕುಡಿಯಲು ಸಿಹಿ ನೀರು ಇರಲಿಲ್ಲವಂತೆ. ಅವರು ಪಾದದಿಂದ ಕಲ್ಲು ಸರಿಸಿದಾಗ ಝರಿ ಹುಟ್ಟಿತು ಅಂತ ಭಕ್ತರು ನಂಬುತ್ತಾರೆ. ಆ ಝರಿ ಇವತ್ತೂ ಹರಿಯುತ್ತಿದೆ. ತಲೆಗೆ ಸೆರಗೋ ಕರವಸ್ತ್ರವೋ ಹೊದ್ದುಕೊಳ್ಳಬೇಕು, ಚಪ್ಪಲಿ ಹೊರಗೆ ಬಿಡಬೇಕು. ಊಟಕ್ಕೆ ಲಂಗರ್ ಇದೆ. ಯಾರು ಬಂದರೂ ಸಾಲಾಗಿ ಕೂರಿಸಿ ಬಡಿಸುತ್ತಾರೆ, ದುಡ್ಡಿಲ್ಲ. ರೋಟಿಯನ್ನು ಎರಡೂ ಕೈ ಚಾಚಿ ಇಸಕೊಳ್ಳಬೇಕು. ಅತ್ತೆಯವರಿಗೆ ನೆಲದ ಮೇಲೆ ಕೂರಲು ಆಗದಿದ್ದರೆ ಅಲ್ಲಿ ಸೇವೆ ಮಾಡುವವರಿಗೆ ಹೇಳಿ. ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದರೆ ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಬಿಸಿಲು ಇಳಿದ ಮೇಲೆ, ನಾಲ್ಕರ ಸುಮಾರಿಗೆ, ಅಷ್ಟೂರಿಗೆ ಹೊರಡಿ. ಊರಿನಿಂದ ಮೂರು ನಾಲ್ಕು ಕಿಲೋಮೀಟರ್. ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿವೆ. ಬಹಮನಿಗಳಿಗೆ ಮೊದಲು ರಾಜಧಾನಿ ಆಗಿದ್ದು ನಿಮ್ಮ ಕಲಬುರಗಿಯೇ, 1347ರಲ್ಲಿ. ಅದನ್ನು ಬೀದರಿಗೆ ತಂದವನು ಅಹ್ಮದ್ ಶಾ ವಲಿ. ಅವನ ಗೋರಿಯ ಒಳಗೆ ಹೋಗಿ, ಹೋದ ಕೂಡಲೇ ಹೊರಗೆ ಬರಬೇಡಿ. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಗೋಡೆ, ಗುಂಬಜ್ ತುಂಬ ಕೆಂಪು ಬಂಗಾರ ಬಣ್ಣದ ಚಿತ್ತಾರ ಮೆಲ್ಲಗೆ ಮೇಲೇಳುತ್ತದೆ. ಒಮ್ಮೆ ಅಲ್ಲಿಯ ಹಿರಿಯರೊಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿ ನಮಗೆ ತೋರಿಸಿದ್ದರು. ಈ ಸುಲ್ತಾನನನ್ನು ಮುಸಲ್ಮಾನರು ವಲಿ, ಅಂದರೆ ಸಂತ ಅಂತ, ಹಿಂದೂಗಳು ಅಲ್ಲಮಪ್ರಭು ಅಂತ ನಡೆದುಕೊಳ್ಳುತ್ತಾರೆ. ಹೋಳಿ ಆದ ಮೇಲೆ ಇಲ್ಲಿ ಜಾತ್ರೆ. ಇಬ್ಬರೂ ತೆಂಗಿನಕಾಯಿ ಹಿಡಿದು ಬರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಪಕ್ಕದಲ್ಲೇ ಹುಮಾಯೂನ್ ಸುಲ್ತಾನನ ಗೋರಿ ಇದೆ. ಸಿಡಿಲು ಬಡಿದು ಗುಂಬಜ್ ಒಡೆದು ಅರ್ಧ ಮಾತ್ರ ನಿಂತಿದೆ. ಕೊಯ್ದಿಟ್ಟ ಹಣ್ಣಿನ ಹಾಗೆ ಅದರ ಒಳಗು ಹೊರಗು ಎರಡೂ ಒಟ್ಟಿಗೆ ಕಾಣುತ್ತವೆ. ಗುಂಬಜ್ ಎಷ್ಟು ದಪ್ಪ ಕಟ್ಟುತ್ತಿದ್ದರು ಅಂತ ಮಗಳಿಗೆ ತೋರಿಸಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅಲ್ಲೇ ಕೂತು ರೊಟ್ಟಿ ಬಿಚ್ಚಿ, ಆದರೆ ಕಾಗದ, ಪ್ಲಾಸ್ಟಿಕ್ ವಾಪಸ್ ತಗೊಂಡು ಹೋಗಿ. ಏಳಕ್ಕೆ ಬಸ್ ಸ್ಟ್ಯಾಂಡಿನಲ್ಲಿದ್ದರೆ ರಾತ್ರಿ ಊಟದ ಹೊತ್ತಿಗೆ ಮನೆ.

ಪ್ರಶ್ನೆ: ಬಸವಕಲ್ಯಾಣ, ಬೀದರ್ ಎರಡೂ ಒಂದೇ ದಿನ ಆಗುತ್ತದಾ?
ಒಬ್ಬ ಓದುಗರು, ಶಹಾಬಾದ್

ಬೇಡ ಅಣ್ಣಾರೆ. ಕಲ್ಯಾಣಕ್ಕೆ ಬೇರೆ ದಿನ ಇಡಿ.

ಪ್ರಶ್ನೆ: ಟೀಚರ್, ನೀವು ಬೀದರನ್ನು ವಿಶ್ವವಿದ್ಯಾಲಯದ ಊರು ಅಂತ ಬರೆದಿದ್ದೀರಿ. ಮದರಸಾ ಅಂದರೆ ಧರ್ಮದ ಪಾಠ ಹೇಳುವ ಶಾಲೆ ಅಲ್ವಾ? ಅದನ್ನು ವಿಶ್ವವಿದ್ಯಾಲಯ ಅಂದರೆ ಜಾಸ್ತಿ ಆಯಿತು ಅಂತ ನಮ್ಮ ಕ್ಲಾಸಿನಲ್ಲಿ ವಾದ ಆಯಿತು.
ಪಿಯುಸಿ ವಿದ್ಯಾರ್ಥಿ, ಯಾದಗಿರಿ

ತಮ್ಮಾ, ನಿಮ್ಮ ಕ್ಲಾಸಿನಲ್ಲಿ ಇದಕ್ಕೆ ವಾದ ನಡೆಯಿತು ಅಂತ ಓದಿ ಖುಷಿ ಆಯಿತು. ಈಗ ನಾವು ಮದರಸಾ ಅನ್ನುವ ಪದವನ್ನು ಸಣ್ಣ ಅರ್ಥದಲ್ಲಿ ಬಳಸುತ್ತೇವೆ. ಪಾಠ ನಡೆಯುವ ಜಾಗ ಅನ್ನುವುದೇ ಅದರ ಮೂಲ ಅರ್ಥ. ಇಲ್ಲಿ ಧರ್ಮದ ಜೊತೆ ತತ್ವಶಾಸ್ತ್ರ, ಗಣಿತ, ಖಗೋಳ ಎಲ್ಲ ಕಲಿಸುತ್ತಿದ್ದರು. ಹುಡುಗರು, ಮೇಷ್ಟ್ರು ಒಂದೇ ಕಟ್ಟಡದಲ್ಲಿ ಇರುತ್ತಿದ್ದರು. ಗ್ರಂಥಾಲಯದಲ್ಲಿ 3000 ಹಸ್ತಪ್ರತಿ ಇದ್ದವು ಅಂತ ಹೇಳುತ್ತಾರೆ. ಅಚ್ಚಿನ ಮನೆ ಇಲ್ಲದ ಕಾಲ ಅದು. ಒಂದು ಪುಸ್ತಕ ಬೇಕೆಂದರೆ ಒಬ್ಬರು ತಿಂಗಳುಗಟ್ಟಲೆ ಕೂತು ಕೈಯಲ್ಲಿ ಬರೆಯಬೇಕು. ಆ ಲೆಕ್ಕದಲ್ಲಿ ಮೂರು ಸಾವಿರ ಅಂದರೆ ಎಷ್ಟು ಜನರ ಎಷ್ಟು ವರ್ಷದ ಕೆಲಸ, ನೀನೇ ಯೋಚಿಸು.

ಕಟ್ಟಿಸಿದವನ ಕತೆ ನಿನ್ನ ಕ್ಲಾಸಿಗೆ ಹೇಳು. ಮಹಮೂದ್ ಗವಾನ್ ಇರಾನಿನ ಗೀಲಾನ್ ಸೀಮೆಯವನು. 1453ರಲ್ಲಿ ವ್ಯಾಪಾರಕ್ಕೆ ಅಂತ ಬೀದರಿಗೆ ಬಂದ. ಬುದ್ಧಿವಂತ, ಓದಿದವನು. ಸುಲ್ತಾನರ ಹತ್ತಿರ ಕೆಲಸಕ್ಕೆ ಸೇರಿ ಪ್ರಧಾನಿ ಆದ. ಹೆರಾತಿನಲ್ಲಿದ್ದ ದೊಡ್ಡ ಫಾರ್ಸಿ ಭಾಷೆಯ ಕವಿ ಜಾಮಿಗೂ ಇವನಿಗೂ ಪತ್ರ ವ್ಯವಹಾರ ಇತ್ತು. ಆ ಕಾಲದಲ್ಲಿ ಹೆರಾತ್ ಎಲ್ಲಿ, ಬೀದರ್ ಎಲ್ಲಿ! ಮದರಸಾ ಮುಗಿದಿದ್ದು 1472ರಲ್ಲಿ. ಆಸ್ಥಾನದಲ್ಲಿ ಇವನನ್ನು ಕಂಡರೆ ಆಗದವರು ಇದ್ದರು. ಗವಾನನ ಮುದ್ರೆ ಇದ್ದ ಖಾಲಿ ಕಾಗದ ಸಂಪಾದಿಸಿ, ಅದರ ಮೇಲೆ ಒಡಿಶಾದ ರಾಜನಿಗೆ ಬರೆದ ಹಾಗೆ ಸುಳ್ಳು ಪತ್ರ ಸೃಷ್ಟಿಸಿದರು. ದ್ರೋಹಿ ಅಂತ ತಿಳಿದು ಸುಲ್ತಾನ ಮೂರನೇ ಮಹಮ್ಮದ್ ಅವನ ತಲೆ ತೆಗೆಸಿದ. ಅದು 1481. ಗವಾನನಿಗೆ ಆಗ ಎಪ್ಪತ್ತು ದಾಟಿತ್ತು. ತಾನು ಕಟ್ಟಿಸಿದ ಮದರಸಾದಲ್ಲಿ ಪಾಠ ನಡೆಯುವುದನ್ನು ಅವನು ನೋಡಿದ್ದು ಒಂಬತ್ತೇ ವರ್ಷ.

ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತಿತ್ತು. ಮುಂದಿನ ವರ್ಷವೇ ಸುಲ್ತಾನನೂ ಸತ್ತ. ಆಮೇಲೆ ರಾಜ್ಯ ಐದು ಹೋಳಾಯಿತು. ಗವಾನನ ಗೋರಿ ಬೀದರ್ ಹತ್ತಿರದ ಗೋರನಳ್ಳಿಯಲ್ಲಿದೆ. ಗುಂಬಜ್ ಇಲ್ಲದ ಸಾದಾ ಗೋರಿ. ಅಷ್ಟೂರಿನ ದೊಡ್ಡ ದೊಡ್ಡ ಗುಂಬಜ್ ನೋಡಿದವರು ಒಂದು ಸಲ ಅಲ್ಲಿಗೂ ಹೋಗಿ ಬರಬೇಕು ಅನ್ನುವುದು ನನ್ನ ಆಸೆ.

ಎಡಗಡೆ ಮಿನಾರ್ ಯಾಕೆ ಇಲ್ಲ ಅಂತಲೂ ನಿಮ್ಮಲ್ಲಿ ಯಾರೋ ಕೇಳುತ್ತಾರೆ. ಮೊಘಲರ ಕಾಲದಲ್ಲಿ ಈ ಕಟ್ಟಡದಲ್ಲಿ ಸೈನಿಕರನ್ನು ಇಟ್ಟರು, ಕೋಣೆಗಳಲ್ಲಿ ಮದ್ದಿನ ಪುಡಿ ತುಂಬಿದರು. 1696ರ ಸುಮಾರಿಗೆ ಅದು ಸಿಡಿಯಿತು. ಒಂದು ಮಿನಾರ್, ಮುಂಭಾಗದ ದೊಡ್ಡ ಪಾಲು ಹೋಯಿತು. ಪುಸ್ತಕ ಇಡುವ ಜಾಗದಲ್ಲಿ ಮದ್ದು ಇಟ್ಟರು, ನೋಡು.

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ದೊಡ್ಡ ವಿದ್ಯೆಯ ಜಾಗ ಇದೊಂದೇ ಅಲ್ಲ. ಚಿತ್ತಾಪುರದ ಹತ್ತಿರ ನಾಗಾವಿ ಇದೆ, ಯಾದಗಿರಿಯಿಂದ ದೂರ ಏನಿಲ್ಲ. ಬೀದರಿನ ಮದರಸಾಕ್ಕಿಂತ ನಾನೂರು ವರ್ಷ ಹಿಂದೆ ಅಲ್ಲಿ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರ ನಡೆಯುತ್ತಿತ್ತು. 1058ರ ಶಾಸನದಲ್ಲಿ ಅಲ್ಲಿಯ ಗುರುಗಳ ಜೊತೆ ಆರು ಜನ ಸರಸ್ವತಿ ಭಂಡಾರಿಗರ ಮಾತೂ ಬರುತ್ತದೆ. ಅಂದರೆ ಪುಸ್ತಕ ನೋಡಿಕೊಳ್ಳುವವರು. ಆರು ಜನ ಬೇಕಾಗಿದ್ದರು ಅಂದರೆ ಅಲ್ಲಿ ಎಷ್ಟು ಓಲೆಗರಿ ಇರಬೇಕು! ಇವತ್ತು ಎಷ್ಟು ಕಾಲೇಜುಗಳಲ್ಲಿ ಆರು ಜನ ಲೈಬ್ರರಿಯನ್ ಇದ್ದಾರೆ? ಮುಂದಿನ ವಾದಕ್ಕೆ ಇದನ್ನೂ ತಗೊಂಡು ಹೋಗು.

ಪ್ರಶ್ನೆ: ಮಗಳ ಮದುವೆಗೆ ಬೀಗರಿಗೆ ಕೊಡಲು ಬಿದ್ರಿ ಸಾಮಾನು ಕೊಳ್ಳಬೇಕು. ಬೀದರಿಗೆ ಬಂದಾಗ ಮಾಡುವುದನ್ನೂ ನೋಡಬಹುದಾ? ಕೊಳ್ಳುವಾಗ ಏನು ನೋಡಬೇಕು?
ಒಬ್ಬ ತಾಯಿ, ಸೇಡಂ

ಅಕ್ಕಾರೆ, ಚೌಬಾರಾ ಆಸುಪಾಸಿನ ಗಲ್ಲಿಗಳಲ್ಲಿ ಅಂಗಡಿಗಳಿವೆ. ಚೌಬಾರಾ ಅಂದರೆ ಹಳೇ ಊರಿನ ನಟ್ಟನಡುವೆ ಇರುವ ಎತ್ತರದ ದುಂಡು ಗೋಪುರ. ಯಾರನ್ನು ಕೇಳಿದರೂ ತೋರಿಸುತ್ತಾರೆ. ಕೆಲವು ಅಂಗಡಿಗಳ ಹಿಂದೆಯೇ ಕೆಲಸ ನಡೆಯುತ್ತದೆ. "ಸ್ವಲ್ಪ ಹೊತ್ತು ಕೂತು ನೋಡ್ತೀವಿ" ಅಂದರೆ ಬೇಡ ಅನ್ನುವವರು ಕಮ್ಮಿ.

ನೋಡುವಂಥದ್ದು ಅದು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಬಂದಾಗ ಅದು ಬೂದು ಬಣ್ಣ, ನೋಡಲು ಏನೂ ಚೆಂದ ಇರುವುದಿಲ್ಲ. ಅದನ್ನು ಉಜ್ಜಿ ನಯ ಮಾಡಿ, ಮೈಲುತುತ್ತ ಸವರುತ್ತಾರೆ. ಆಗ ಮೇಲ್ಮೈ ಕಪ್ಪಾಗುತ್ತದೆ, ಗೀರು ಎದ್ದು ಕಾಣುತ್ತದೆ. ಚೂಪು ಮೊನೆಯಿಂದ ಬಳ್ಳಿ, ಹೂವು ಗೀರಿಕೊಂಡು, ಉಳಿಯಿಂದ ಆ ಗೀರನ್ನು ಕೆತ್ತುತ್ತಾರೆ. ನಾನು ನೋಡಿದ ಕುಶಲಕರ್ಮಿ ಒಬ್ಬರು ನೆಲದ ಮೇಲೆ ಕೂತು, ಕೂದಲಿಗಿಂತ ಸ್ವಲ್ಪ ದಪ್ಪ ಇರುವ ಬೆಳ್ಳಿ ತಂತಿಯನ್ನು ಆ ಕೆತ್ತಿದ ಸಾಲಿಗೆ ಇಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿಯುತ್ತಿದ್ದರು. ಒಂದು ಎಲೆ ತುಂಬಲು ಎಷ್ಟು ಏಟು ಅಂತ ಎಣಿಸಲು ಹೋಗಿ ನಲವತ್ತಕ್ಕೆ ಲೆಕ್ಕ ತಪ್ಪಿತು.

ಕೊನೆಯದು ಮಣ್ಣಿನ ಕೆಲಸ. ಕೋಟೆಯ ಹಳೇ ಕಟ್ಟಡದ ಒಳಗಿನ, ಮಳೆ ಬಿಸಿಲು ತಾಗದ ಮಣ್ಣು ತಂದು ನವಸಾಗರ ಅನ್ನುವ ಉಪ್ಪಿನ ಜೊತೆ ನೀರಲ್ಲಿ ಕಲಸುತ್ತಾರೆ. ಸಾಮಾನನ್ನು ಸ್ವಲ್ಪ ಬಿಸಿ ಮಾಡಿ ಅದನ್ನು ಸವರಿದರೆ, ನಮ್ಮ ಕಣ್ಣ ಮುಂದೆಯೇ ಮೈಯೆಲ್ಲ ಕಡುಕಪ್ಪು ಆಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಒಳ್ಳೆ ಮಣ್ಣು ಯಾವುದು ಅಂತ ಹಳಬರು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತಾರೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಇದೇ ಕೆಲಸಕ್ಕೆ ಪದ್ಮಶ್ರೀ ಬಂತು. ಆ ದಿನ ನಮ್ಮ ಗಲ್ಲಿಯಲ್ಲಿ ಪೇಡೆ ಹಂಚಿದ್ದರು.

ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಕ ನೋಡಿ, ಬಿದ್ರಿ ಭಾರ ಇರುತ್ತದೆ. ಬೆಳ್ಳಿ ಮೇಲೆ ಉಗುರು ಆಡಿಸಿ. ಕೂರಿಸಿದ್ದು ಸರಿ ಇದ್ದರೆ ಮೇಲ್ಮೈ ಸಮ ಇರುತ್ತದೆ, ಉಗುರಿಗೆ ಎಡವುವುದಿಲ್ಲ. ಬೆಲೆಯಲ್ಲಿ ತುಂಬ ಚೌಕಾಸಿ ಮಾಡಬೇಡಿ ಅಕ್ಕಾರೆ. ಆ ಟಕ್ ಟಕ್ ಅಂತ ಬಡಿಯುವುದನ್ನು ಒಮ್ಮೆ ನೋಡಿದ ಮೇಲೆ ನಿಮಗೇ ಮನಸ್ಸು ಬರುವುದಿಲ್ಲ. ಮನೆಗೆ ಹೋದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಕಪ್ಪು ಹೋಗುತ್ತದೆ. ಮೆತ್ತಗಿನ ಒಣ ಬಟ್ಟೆ ಸಾಕು.

ಪ್ರಶ್ನೆ: ನಾನು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಎರಡು ವರ್ಷ ಆಯಿತು, ನಂದಿನಗರ ಬಿಟ್ಟು ಊರೊಳಗೆ ಸರಿಯಾಗಿ ಬಂದಿಲ್ಲ. ಮದರಸಾ ನೋಡಲು ಗೈಡ್ ಬೇಕಾ?
ಒಬ್ಬ ವಿದ್ಯಾರ್ಥಿ

ಬೇಡ ಮಗಾ. ಮುಂದಿನ ರವಿವಾರ ಬೆಳಿಗ್ಗೆ ಬಾ, ಓದುವ ಪುಸ್ತಕ ಹಿಡಿದುಕೊಂಡೇ ಬಾ. ಗವಾನ್ ಬದುಕಿದ್ದ ಕಾಲದಲ್ಲಿ ರಷ್ಯದ ತ್ವೇರ್ ಊರಿನಿಂದ ಅಫನಾಸಿ ನಿಕಿಟಿನ್ ಅನ್ನುವ ವ್ಯಾಪಾರಿ ಬೀದರಿಗೆ ಬಂದಿದ್ದ. ಅವನು ಅಷ್ಟು ದೂರದಿಂದ ಬಂದು ಇಲ್ಲಿ ಮಾರಿದ್ದು ಏನು ಗೊತ್ತಾ? ಒಂದು ಗಂಡು ಕುದುರೆ. ಅದನ್ನು ಹಡಗಿನಲ್ಲಿ ನಮ್ಮ ದೇಶಕ್ಕೆ ತಂದು, ಮೇವು ಹೊಂದಿಸಿ ಸಾಕಿದ್ದ. ನಿನ್ನ ಓದಿಗೂ ಈ ಊರಿಗೂ ಅಷ್ಟು ಹಳೇ ನಂಟು. ಹಾಗೇ ಬರುವಾಗ ನೌಬಾದ್ ಕಡೆಯ ಸುರಂಗ ಬಾವಿಯ ಬಗ್ಗೆಯೂ ಕೇಳಿ ತಿಳಿದುಕೋ. ಕೆಂಪು ಜಂಬಿಟ್ಟಿಗೆಯ ನೆಲದಡಿ ಕಾಲುವೆ ಕೊರೆದು, ಇಳಿಜಾರಿನಲ್ಲೇ ನೀರು ಹರಿಸುತ್ತಿದ್ದರು. ಇರಾನಿನ ಕಡೆಯವರು ತಂದ ವಿದ್ಯೆ ಅದು.

ಪ್ರಶ್ನೆ: ಐವತ್ತು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಬರುವವಳಿದ್ದೇನೆ. ನಾನು ಹೊಸ ಶಿಕ್ಷಕಿ. ಮಕ್ಕಳನ್ನು ಹಿಡಿಯುವುದೇ ಕಷ್ಟ, ತೋರಿಸುವುದು ಹೇಗೆ ಅಂತ ಭಯ.
ಒಬ್ಬ ಶಿಕ್ಷಕಿ, ಆಳಂದ

ನಿಮ್ಮ ಭಯ ನನಗೆ ಗೊತ್ತು. ನನ್ನ ಮೊದಲ ಪ್ರವಾಸದಲ್ಲಿ ಅರವತ್ತೆರಡು ಮಕ್ಕಳಿದ್ದರು. ಬಂದಿದ್ದಕ್ಕೆ ಎಲ್ಲ ನೋಡಲಿ ಅಂತ ಏಳು ಜಾಗ ಓಡಿಸಿದೆ. ಎಲ್ಲಿ ಹೋದರೂ ಎಣಿಸುವುದು, ಕೂಗುವುದು, ಮತ್ತೆ ಬಸ್ಸು ಹತ್ತಿಸುವುದು. ಮಾರನೇ ದಿನ ನೋಡಿದ್ದರ ಬಗ್ಗೆ ಬರೆಯಿರಿ ಅಂದೆ. ಮುಕ್ಕಾಲು ಮಂದಿ ಐಸ್ ಕ್ಯಾಂಡಿ ಬಗ್ಗೆ ಬರೆದಿದ್ದರು. ಒಂದು ಹುಡುಗಿ "ಎಲ್ಲಾ ಕಡೆ ಹಳೇ ಗೋಡೆ ಇತ್ತು" ಅಂತ ಒಂದೇ ಸಾಲು ಬರೆದು ಬಿಟ್ಟಿದ್ದಳು. ಆ ನೋಟ್‌ಬುಕ್ ಹಿಡಿದು ನಾನು ಸ್ಟಾಫ್ ರೂಮಿನಲ್ಲಿ ಬಹಳ ಹೊತ್ತು ಕೂತಿದ್ದೆ. ಅವಳು ಬರೆದಿದ್ದು ಸರಿಯಾಗಿತ್ತು. ನಾನು ತೋರಿಸಿದ್ದು ಅಷ್ಟೇ.

ಮುಂದಿನ ವರ್ಷ ಮದರಸಾ ಒಂದಕ್ಕೇ ಕರೆದುಕೊಂಡು ಹೋದೆ, ಬೆಳಿಗ್ಗೆಯಿಂದ ಊಟದವರೆಗೆ. ಐದು ಗುಂಪು ಮಾಡಿದೆ. ಒಂದು ಗುಂಪಿಗೆ ಹಗ್ಗ ಕೊಟ್ಟು ಅಂಗಳ ಅಳೆಯಲು ಹೇಳಿದೆ. ಇನ್ನೊಂದಕ್ಕೆ ಒಂದೇ ಒಂದು ಬಿಲ್ಲೆ ಆರಿಸಿ ಬಣ್ಣ ಹಚ್ಚಲು ಕಾಗದ, ಬಣ್ಣದ ಪೆನ್ಸಿಲ್. ಒಂದು ಗುಂಪು ಕಮಾನು ಎಣಿಸಿತು. ಒಬ್ಬ ಹುಡುಗ ಅಂಗಳದಲ್ಲಿ ಅಂಗಾತ ಮಲಗಿ ಎಣಿಸಿದ. ಬೈಯಲು ಹೋದವಳು ಸುಮ್ಮನಾದೆ, ಯಾಕೆಂದರೆ ಅವನ ಲೆಕ್ಕವೇ ಸರಿ ಇತ್ತು. "ಹಳೇ ಗೋಡೆ" ಅಂತ ಬರೆದಿದ್ದಳಲ್ಲ, ಅವಳ ತಂಗಿ ಆ ವರ್ಷ ನನ್ನ ಕ್ಲಾಸಿನಲ್ಲಿದ್ದಳು. ಅವಳು ಬಾಗಿಲ ಹತ್ತಿರದ ಗೋಡೆಯ ದಪ್ಪವನ್ನು ಗೇಣು ಹಾಕಿ ಅಳೆದಳು. ಮುಗಿಸಿ ನನ್ನ ಹತ್ತಿರ ಓಡಿ ಬಂದು, "ಟೀಚರ್, ನಮ್ಮ ಮನಿ ಕಟ್ಟೆಗಿಂತ ಈ ಗೋಡೆನೇ ಅಗಲ ಅದ. ಇದರ ಮ್ಯಾಲ ನಾ ಮಲ್ಕೋಬಹುದು" ಅಂದಳು. ಮಾರನೇ ದಿನ ಅವಳು ಎರಡು ಪುಟ ಬರೆದಳು. ಅಕ್ಕನಿಗೂ ಹೇಳಿದ್ದಳಂತೆ, ಗೋಡೆ ಅಂದರೆ ಎಂಥಾ ಗೋಡೆ ಅಂತ.

ನೀವೂ ಹಾಗೇ ಮಾಡಿ. ಅಕ್ಟೋಬರಿನಿಂದ ಫೆಬ್ರವರಿ ಒಳಗೆ ಬನ್ನಿ, ಬಿಸಿಲು ತಡೆಯಬಹುದು. ಹೆಡ್ ಮಾಸ್ಟರ ಸಹಿ, ಸೀಲು ಇರುವ ಪತ್ರ ಜೊತೆಗಿರಲಿ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲಿ. ನೀರು ಬಸ್ಸಿನಲ್ಲೇ ತನ್ನಿ. ಬರುವ ಮುಂಚೆ ಒಂದು ವಿಷಯ ಕ್ಲಾಸಿನಲ್ಲೇ ಹೇಳಿಬಿಡಿ: ಗೋಡೆ ಮೇಲೆ ಯಾರೂ ಹೆಸರು ಕೆತ್ತಬಾರದು, ಬಿಲ್ಲೆ ಕೀಳಬಾರದು. ಯಾಕೆ ಅಂತಲೂ ಹೇಳಿ. ಸುಮ್ನೆ ಬೇಡ ಅಂದರೆ ಮಕ್ಕಳು ಕೇಳುವುದಿಲ್ಲ, ಕಾರಣ ಹೇಳಿದರೆ ಅವರೇ ಬೇರೆಯವರನ್ನು ತಡೆಯುತ್ತಾರೆ. ಒಮ್ಮೆ ನಮ್ಮ ಏಳನೇ ಕ್ಲಾಸಿನ ಹುಡುಗನೊಬ್ಬ ಕೀಲಿಯಿಂದ ಹೆಸರು ಗೀಚುತ್ತಿದ್ದ ದೊಡ್ಡವರೊಬ್ಬರ ಕೈ ಹಿಡಿದು, "ಕಾಕಾ, ಇದು ನಮ್ಮ ಸಾಲಿ" ಅಂದಿದ್ದ.

ಮದರಸಾ ಮುಗಿದ ಮೇಲೆ ಹೊತ್ತು ಉಳಿದರೆ ಕೋಟೆಯ ಬಾಗಿಲವರೆಗೆ ಸಾಲಾಗಿ ನಡೆಸಿಕೊಂಡು ಹೋಗಿ, ದೂರ ಇಲ್ಲ. ಶರ್ಜಾ ದರ್ವಾಜಾ ಮೇಲೆ ಕಲ್ಲಿನಲ್ಲಿ ಕೆತ್ತಿದ ಹುಲಿಗಳಿವೆ. ಅದನ್ನು ಮಕ್ಕಳೇ ಹುಡುಕಲಿ, ನೀವು ಮೊದಲೇ ಹೇಳಬೇಡಿ.

ಬರುವ ದಿನ ಗೊತ್ತಾದ ಕೂಡಲೇ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡ್ ಹಾಕಿ. ಒಂಬತ್ತೂವರೆಗೆ ನಾನು ಮದರಸಾ ಗೇಟಿನ ಹತ್ತಿರ ಇರುತ್ತೇನೆ. ಹಗ್ಗ ತರಬೇಡಿ, ನನ್ನ ಹತ್ತಿರ ಇನ್ನೂ ಅದೇ ಇದೆ.